ವರ ಅಲ್ಲ ಸ್ವಾಮಿ, ಲದ್ದಿ ಬಾಚಿದ ಲೆಕ್ಕ

ಹೋದ ತಿಂಗಳು ನಮ್ಮ ಡೊಂಬಿವಲಿಯ ಕನ್ನಡಿಗರ ಮೊಬೈಲುಗಳಲ್ಲೆಲ್ಲ ಒಂದು ವಿಡಿಯೋ ಓಡಾಡಿತು. ನಮ್ಮ ಸೊಸೈಟಿಯದ್ದೇ, ಪಕ್ಕದ ವಿಂಗಿನ ಎಂಟು ವರ್ಷದ ಹುಡುಗಿ. ಗೇಟಿನ ಬಳಿಯ ಬೀದಿನಾಯಿಗಳು ಅವಳು ಬಂದರೆ ಸಾಕು, ಬೊಗಳುವುದು ಬಿಟ್ಟು ಸುತ್ತ ಕೂರುತ್ತವೆ. ಕೆಳಗೆ ಒಕ್ಕಣೆ: "ಪ್ರಾಣಿಗಳ ಭಾಷೆ ಬಲ್ಲ ನಮ್ಮ ಕನ್ನಡದ ಕುವರಿ! ದೈವದತ್ತ ವರ!" ನನಗೆ ಅದು ಹನ್ನೊಂದು ಕಡೆಯಿಂದ ಬಂತು.

ನಾನು ಬಿ.ಕಾಂ. ಓದಿದ ಬ್ಯಾಂಕಿನವನು. ಕ್ರೆಡಿಟ್ ಕಂಡರೆ ಅದರ ಡೆಬಿಟ್ ಎಲ್ಲಿ ಅಂತ ಹುಡುಕುವುದು ನನ್ನ ಚಾಳಿ. ಈ "ವರ" ಎನ್ನುವ ಮಾತು ಕೇಳಿದರೆ ಮೈ ಉರಿಯುತ್ತದೆ, ಯಾಕೆಂದರೆ ಅದರಲ್ಲಿ ಡೆಬಿಟ್ ಪಕ್ಕ ಪೂರ್ತಿ ಖಾಲಿ.

ಆ ಹುಡುಗಿ ಏನು ಮಾಡುತ್ತಾಳೆ ಅಂತ ನಾನು ದಿನಾ ನೋಡುತ್ತೇನೆ. ಲೋಕಲ್ ಇಳಿದು ಬರುವ ಹೊತ್ತಿಗೆ ಅವಳು ವಾಚ್‌ಮನ್ ಕುರ್ಚಿಯ ಪಕ್ಕ ಕೂತಿರುತ್ತಾಳೆ. ನಾಯಿಗೆ ಎದುರಾಗಿ ಅಲ್ಲ, ಓರೆಯಾಗಿ. ಕಣ್ಣಲ್ಲಿ ಕಣ್ಣಿಡುವುದಿಲ್ಲ. ತಲೆಯ ಮೇಲಿಂದ ಕೈ ಚಾಚುವುದಿಲ್ಲ, ಕೆಳಗಿಂದ ಕೊಡುತ್ತಾಳೆ, ನಾಯಿ ಮೂಸುವ ತನಕ ಕಾಯುತ್ತಾಳೆ. ಇದನ್ನೆಲ್ಲ ಕಲಿಸಿದ್ದು ಆ ವಾಚ್‌ಮನ್, ಬಿಹಾರದ ಕಡೆಯವನು. ಎರಡು ವರ್ಷದ ಪಾಠ ಇದು. ವಿಡಿಯೋದಲ್ಲಿ ಅವನಿಲ್ಲ, ಕತ್ತರಿಸಿದ್ದಾರೆ.

ಇಂಥದ್ದೇ ಹುಡುಗನೊಬ್ಬನನ್ನು ನಾನು ಹಿಂದೆ ಕಂಡಿದ್ದೆ. 1994ರಲ್ಲಿ ಹೆಗ್ಗಡದೇವನಕೋಟೆ ಕಡೆಯ ಶಾಖೆಯಲ್ಲಿ ಹೊಸದಾಗಿ ಸೇರಿದ್ದೆ. ಆನೆ ಕ್ಯಾಂಪಿನ ಕಾವಾಡಿಯೊಬ್ಬ ಹತ್ತು ವರ್ಷದ ಮಗನನ್ನು ಕರೆದುಕೊಂಡು ಬಂದ. ಕಾವಾಡಿ ಅಂದರೆ ಮಾವುತನ ಕೈಕೆಳಗಿನವನು. ಆನೆಗೆ ಸೊಪ್ಪು ತರುವುದು, ಮೈ ತೊಳೆಯುವುದು, ಲದ್ದಿ ಬಾಚುವುದು, ಹುಲ್ಲಿಗೆ ಬೆಲ್ಲ ಹಿಂಡಿ ಸೇರಿಸಿ ಕುಸುರೆ ಕಟ್ಟುವುದು. ಮಗ ಆಗಲೇ ಆನೆಯ ಕಾಲಡಿಯಲ್ಲೇ ಓಡಾಡುತ್ತಾನೆ ಅಂತ ಶಾಖೆಯ ಜವಾನ ಹೇಳಿದ. ನಾನು ಪೇಟೆಯವನು, ಬಾಯಿ ತೆರೆದು ಕೇಳಿದೆ, "ಏನೋ, ಆನೆ ಜೊತೆ ಹೆಂಗೋ ಮಾತಾಡ್ತೀಯ?"

"ಮಾತಾಡಾಕಿಲ್ಲ ಸಾ. ಕಿವಿ ನೋಡ್ತೀನಿ" ಅಂದ.

ಆ ಕಾವಾಡಿ ಬಂದದ್ದು ಖಾತೆಗಲ್ಲ. ಹುಡುಗನನ್ನು ಹಾಸ್ಟೆಲ್ಲಿಗೆ ಸೇರಿಸುವ ಅರ್ಜಿ ಕೈಯಲ್ಲಿತ್ತು. ತುಂಬಿಕೊಡಿ ಅಂತ ಕೇಳಲು ಬಂದಿದ್ದ. ನನಗೆ ಕ್ಯಾಷ್ ಮುಗಿಸುವ ಅವಸರ. "ಇವನಿಗೆ ದೇವರು ಕೊಟ್ಟ ವರ ಇದೆ ಕಣಯ್ಯಾ, ಇವನಿಗ್ಯಾಕೆ ಸ್ಕೂಲು?" ಅಂದುಬಿಟ್ಟೆ. ಹೊಗಳಿದ್ದೇನೆ ಅಂದುಕೊಂಡಿದ್ದೆ! ಅವನು ಅರ್ಜಿಯನ್ನು ನಾಲ್ಕು ಮಡಿಕೆ ಮಡಿಸಿ ಅಂಗಿ ಜೇಬಿಗೆ ಇಟ್ಟುಕೊಂಡು ಹೋದ. ಮತ್ತೆ ಬರಲಿಲ್ಲ. ಒಂದು ಅರ್ಜಿ ತುಂಬಲು ಐದು ನಿಮಿಷ ಬೇಕಿತ್ತು. "ವರ" ಅನ್ನಲು ಒಂದು ಸೆಕೆಂಡು ಸಾಕಾಯಿತು. ಮೂವತ್ತು ವರ್ಷವಾದರೂ ಆ ಮಡಿಕೆ ಕಣ್ಣ ಮುಂದೆ ಇದೆ.

ಅದೇ ತಾಲ್ಲೂಕಿನ ಕಾರಾಪುರದಲ್ಲಿ 1924ರಲ್ಲಿ ಹುಟ್ಟಿದವನು ಸಾಬು. ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಮಾವುತನ ಮಗ, ತಂದೆ ಬೇಗ ತೀರಿಕೊಂಡ, ಮೈಸೂರು ಮಹಾರಾಜರ ಆನೆಲಾಯದಲ್ಲಿ ಬೆಳೆದ. ರಾಬರ್ಟ್ ಫ್ಲಾಹರ್ಟಿಯ ಸಿನಿಮಾ ತಂಡ ಮೈಸೂರಿಗೆ ಬಂದು ಅವನನ್ನು ಹುಡುಕಿ ತೆಗೆಯಿತು. 1937ರಲ್ಲಿ 'ಎಲಿಫೆಂಟ್ ಬಾಯ್' ಬಂತು, ವೆನಿಸ್ ಚಿತ್ರೋತ್ಸವದಲ್ಲಿ ನಿರ್ದೇಶನಕ್ಕೆ ಪ್ರಶಸ್ತಿಯೂ ಬಂತು. ಜಗತ್ತೆಲ್ಲ ಬಾಯಿಗೆ ಬೆರಳಿಟ್ಟು ನೋಡಿತು, ಆಹಾ, ಆನೆಯೊಡನೆ ಮಾತಾಡುವ ಹುಡುಗ! ಅದಕ್ಕೆ ಮೂಲವಾದ ಕಿಪ್ಲಿಂಗನ ಕಥೆಯಲ್ಲೇ ಹುಡುಗ ತೂಮಾಯಿಯ ಅಪ್ಪ, ಅಜ್ಜ, ಮುತ್ತಜ್ಜ ಎಲ್ಲರೂ ಮಾವುತರು. ಕಥೆ ಬರೆದವನಿಗೂ ಇದು ಮನೆತನದ ಕಸುಬು ಅಂತ ಗೊತ್ತಿತ್ತು. ನೋಡಿದವರಿಗೆ ಬೇಕಾಗಿದ್ದು ಪವಾಡ.

ಸಾಬು ಲಂಡನ್ನಿಗೆ ಹೋದ, ಹಾಲಿವುಡ್ಡಿಗೆ ಹೋದ, 1942ರ 'ಜಂಗಲ್ ಬುಕ್'ನಲ್ಲಿ ಮೋಗ್ಲಿಯಾದ. 1944ರಲ್ಲಿ ಅಮೆರಿಕದ ಪ್ರಜೆಯಾಗಿ, ಬಾಂಬರ್ ವಿಮಾನದಲ್ಲಿ ಗನ್ನರ್ ಆಗಿ ಯುದ್ಧ ಮಾಡಿ ಪದಕ ಪಡೆದ. ಯುದ್ಧ ಮುಗಿಸಿ ಬಂದ ಗಂಡಸಿಗೂ ಹಾಲಿವುಡ್ ಹೆಚ್ಚುಕಡಿಮೆ ಅದೇ ಕಾಡುಹುಡುಗನ ವೇಷವನ್ನೇ ತೋರಿಸಿತು. ಒಳ್ಳೆಯ ಪಾತ್ರಗಳು ಕಡಿಮೆಯಾದವು. 1963ರಲ್ಲಿ ಹೃದಯಾಘಾತದಿಂದ ಸತ್ತಾಗ ಅವನಿಗೆ 39. ವರ ಎಂದು ಹಚ್ಚೆ ಹಾಕಿದ ಮೇಲೆ ಹುಡುಗ ದೊಡ್ಡವನಾಗಲು ಯಾರು ಬಿಡುತ್ತಾರೆ?

ಬಿಳಿ ಮಗುವಾದರೆ ಕಥೆ ಇನ್ನೂ ಚೆಂದ. ಟಿಪ್ಪಿ ಡೆಗ್ರೆ 1990ರಲ್ಲಿ ನಮೀಬಿಯಾದಲ್ಲಿ ಹುಟ್ಟಿದ ಫ್ರೆಂಚ್ ಹುಡುಗಿ. ಆನೆಯ ಮೇಲೆ, ಚಿರತೆಯ ಪಕ್ಕ ಕೂತ ಫೋಟೋಗಳು ಈಗಲೂ ಮೊಬೈಲಿನಲ್ಲಿ ಸುತ್ತುತ್ತವೆ. ಅಪ್ಪ ಅಮ್ಮ ಇಬ್ಬರೂ ವನ್ಯಜೀವಿ ಛಾಯಾಗ್ರಾಹಕರು, ಆ ಆನೆ ಅಬು ಪ್ರವಾಸಿಗರನ್ನು ಹೊರಲು ಪಳಗಿದ ಆನೆ. ಇದನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ. ಮಗುವಿನ ತಪ್ಪಲ್ಲ ಬಿಡಿ.

ಹಾಗಾದರೆ ಪ್ರಾಣಿಗೂ ಮನುಷ್ಯನಿಗೂ ಮಾತೇ ಇಲ್ಲವೇ ಅಂತ ನೀವು ಕೇಳಬಹುದು. ಇದೆ, ಧಾರಾಳವಾಗಿ ಇದೆ! ಮಾವುತ ಕಿವಿಯ ಹಿಂದೆ ಕಾಲ್ಬೆರಳು ಒತ್ತಿದರೆ ಆನೆಗೆ ಅರ್ಥವಾಗುತ್ತದೆ. ಕೆನ್ನೆಯ ಮೇಲೆ ಮದ ಸೋರಿದರೆ ಮಾವುತನಿಗೆ ಅರ್ಥವಾಗುತ್ತದೆ. ನಮ್ಮ ಕಿವಿಗೆ ಕೇಳದಷ್ಟು ತಗ್ಗಿದ ಸದ್ದಿನಲ್ಲಿ ಆನೆಗಳು ಮಾತಾಡಿಕೊಳ್ಳುತ್ತವೆ ಅಂತ ಕೇಟಿ ಪೇನ್ ಕಂಡುಕೊಂಡದ್ದು 1984ರಲ್ಲಿ. ಬರ್ಲಿನ್ನಿನಲ್ಲಿ ಲೆಕ್ಕ ಮಾಡುತ್ತದೆ ಅಂತ ಹೆಸರಾಗಿದ್ದ ಹ್ಯಾನ್ಸ್ ಎಂಬ ಕುದುರೆಯನ್ನು ಪರೀಕ್ಷಿಸಿ ಓಸ್ಕರ್ ಫುಂಗ್ಸ್ಟ್ 1907ರಲ್ಲಿ ತೋರಿಸಿದ್ದೂ ಇದನ್ನೇ. ಅದಕ್ಕೆ ಲೆಕ್ಕ ಬರುತ್ತಿರಲಿಲ್ಲ, ಎದುರಿಗಿದ್ದವರ ತಲೆಯ ಸಣ್ಣ ಅಲುಗಾಟ ಓದಲು ಬರುತ್ತಿತ್ತು. ಗಮನ ಕೊಡುವುದರಲ್ಲಿ ಪ್ರಾಣಿಗಳು ನಮಗಿಂತ ಮುಂದೆ. ಕೆಲವು ಮಕ್ಕಳಿಗೂ ಆ ಗಮನ ಹೆಚ್ಚು, ಒಪ್ಪುತ್ತೇನೆ. ಆದರೆ ಅದು ಕೂತು, ನೋಡಿ, ತಪ್ಪು ಮಾಡಿ ಬೆಳೆಯುವಂಥದ್ದು.

ನಮ್ಮ ಹುಡುಗಿಯ ಅಪ್ಪ ಅಮ್ಮ ಏನು ಮಾಡಿದರು ಗೊತ್ತೇ? ಆನ್‌ಲೈನಿನಲ್ಲಿ ಒಬ್ಬ "ಅನಿಮಲ್ ಕಮ್ಯುನಿಕೇಟರ್" ಸಿಕ್ಕಿದಳು. ನಾಯಿಯ ಫೋಟೋ ಕಳಿಸಿದರೆ ಸಾಕು, ಅದರ ಮನಸ್ಸಿನ ಮಾತು ಹೇಳುತ್ತಾಳಂತೆ, ಸಾವಿರದ ಐನೂರು ರೂಪಾಯಿ. "ಮಗುವಿನ ಶಕ್ತಿ ಅಪಾರ, ಹೆದರಿಸದೆ ಬೆಳೆಸಿ" ಅಂದಳಂತೆ. ಸರಿ, ಒಂದು ಭಾನುವಾರ ಎರಡನೇ ವಿಡಿಯೋ. ಈ ಸಲ ಕಾಳುವಿನ ಕುತ್ತಿಗೆ ತಬ್ಬಿಕೊಳ್ಳಬೇಕು, ಮುಖಕ್ಕೆ ಮುಖ ಕೊಡಬೇಕು. ಸುತ್ತ ಇಪ್ಪತ್ತು ಜನ, ಎಲ್ಲರ ಕೈಯಲ್ಲೂ ಫೋನು. ವಾಚ್‌ಮನ್ ಬೇಡ ಅಂದ. ಸುಮ್ಮನಿರಯ್ಯಾ ಅಂದರು. ಕಾಳು ಮೊಣಕೈಗೆ ಬಾಯಿ ಹಾಕಿತು.

ಇಂಜೆಕ್ಷನ್ ನಾಲ್ಕು ಆಗಿವೆ, 28ನೇ ದಿನದ್ದು ಬಾಕಿ. ಗಾಯ ಮಾಯುತ್ತಿದೆ. ಈಗ ಅದೇ ಇಪ್ಪತ್ತು ಜನ ನಾಯಿಗಳನ್ನೆಲ್ಲ ಸಾಗಹಾಕಬೇಕು, ವಾಚ್‌ಮನ್‌ನನ್ನು ಬದಲಾಯಿಸಬೇಕು ಅಂತ ಕಮಿಟಿಗೆ ಅರ್ಜಿ ಬರೆದಿದ್ದಾರೆ. ಮೊದಲ ಸಹಿ ಯಾರದ್ದು ಗೊತ್ತೇ? "ದೈವದತ್ತ ವರ" ಅಂತ ಬರೆದ ಮಹಾಶಯರದ್ದೇ. ಸಹಿಗಾಗಿ ಮೊನ್ನೆ ನನ್ನ ಮನೆಗೂ ಬಂದರು. ಈ ಸಲ ನನಗೆ ಅವಸರ ಇರಲಿಲ್ಲ. ಕಾಫಿ ಕೊಟ್ಟು, ಅರ್ಜಿ ಪೂರ್ತಿ ಓದಿ, ಹಾಗೇ ವಾಪಸು ಕೊಟ್ಟೆ. ಭಾನುವಾರ ಮೀಟಿಂಗಿನಲ್ಲಿ ವಾಚ್‌ಮನ್ ಪರವಾಗಿ ಮಾತಾಡುತ್ತೇನೆ. ಒಬ್ಬನೇ ಆದರೂ ಸರಿ.

ನಿನ್ನೆ ಹುಡುಗಿ ಮೆಟ್ಟಿಲ ಮೇಲೆ ಸಿಕ್ಕಿದಳು, ಕೈಗೆ ಬ್ಯಾಂಡೇಜು. ಕೆಳಗೆ ಹೋಗಬಾರದು ಅಂತ ಕಟ್ಟಪ್ಪಣೆಯಾಗಿದೆ.

"ಅಂಕಲ್, ಕಾಳು ಆಗ ಬಾಯಿ ನೆಕ್ಕೋತಾ ಇತ್ತು, ಮುಖ ಆ ಕಡೆ ತಿರುಗಿಸ್ತಾ ಇತ್ತು. ಅದಕ್ಕೆ ಭಯ ಆಗಿದೆ ಅಂತ ನಾನು ಅಮ್ಮಂಗೆ ಎರಡು ಸಲ ಹೇಳ್ದೆ" ಅಂದಳು.