ಕೋಳಿಗೆ ಹಾಕೋದು ಅಂತ ನಮ್ಮ ತೆನೆಯನ್ನು ನಾವೇ ಬಿಟ್ಟೆವು

ಹಾವೇರಿ ಜಿಲ್ಲೆಯ ಒಂದು ಬಸ್ ನಿಲ್ದಾಣ. ಕೆಂಡದ ಮೇಲೆ ತೆನೆ ಸುಡುತ್ತಿದ್ದವರ ಮುಂದೆ ಮೂರು ಎಕರೆ ಗೋವಿನಜೋಳ ಬೆಳೆಯುವ ರೈತರೊಬ್ಬರು 25 ರೂಪಾಯಿ ಕೊಟ್ಟು ಮಗನಿಗೆ ಒಂದು ತೆನೆ ಕೊಡಿಸಿದರು. "ನಿಮ್ಮ ಹೊಲದಾಗ ಇಲ್ಲೇನ್ರೀ?" ಎಂದು ಕೇಳಿದೆ. "ಐತ್ರೀ. ಅದು ಕೋಳಿಗೆ ಹಾಕೋದು, ಇದು ತಿನ್ನೋದು" ಅಂದರು.

ಈ ಮಾತೇ ನನ್ನ ತಕರಾರು.

ಲೆಕ್ಕ ನೋಡಿ. 2025-26ಕ್ಕೆ ಕೇಂದ್ರ ಸರ್ಕಾರ ಘೋಷಿಸಿದ ಬೆಂಬಲ ಬೆಲೆ ಕ್ವಿಂಟಲ್‌ಗೆ 2,400 ರೂಪಾಯಿ. ಒಂದು ತೆನೆಯಲ್ಲಿ 150 ಗ್ರಾಂ ಒಣಕಾಳು ಎಂದುಕೊಂಡರೆ ತೆನೆಗೆ 3 ರೂಪಾಯಿ 60 ಪೈಸೆ. ಆ ಬೆಲೆಯೂ ಸಿಗದೆ, ಖರೀದಿ ಕೇಂದ್ರ ತೆರೆಯಿರಿ ಎಂದು 2025ರ ನವೆಂಬರ್‌ನಲ್ಲಿ ಹಾವೇರಿ, ಗದಗ ಭಾಗದ ರೈತರು ಬೀದಿಗಿಳಿದರು. ಮೂರೂವರೆ ರೂಪಾಯಿಗೆ ಕೊಟ್ಟು 25 ರೂಪಾಯಿಗೆ ಕೊಳ್ಳುವವರು ನಾವು.

"ಬಸ್ ನಿಲ್ದಾಣದ್ದು ಸ್ವೀಟ್ ಕಾರ್ನ್, ತಳಿಯೇ ಬೇರೆ" ಅನ್ನುತ್ತೀರಿ. ಹೌದು, ಅದರಲ್ಲಿ ಸಕ್ಕರೆ ಅಂಶ ಹೆಚ್ಚು. ಆದರೆ ನಮ್ಮ ಹೊಲದ ತೆನೆಯೂ ಹಾಲುಗಾಳಿದ್ದಾಗ ಸಿಹಿಯೇ. ಕಾಳು ಬಲಿತಂತೆ ಸಕ್ಕರೆ ಪಿಷ್ಟವಾಗುತ್ತದೆ. ಕಿತ್ತಿಟ್ಟ ತೆನೆಯಲ್ಲೂ ಗಂಟೆಗಂಟೆಗೂ ಸಿಹಿ ಇಳಿಯುತ್ತದೆ. ಅಂದರೆ ಕಿತ್ತ ತಕ್ಷಣ ತಿನ್ನುವ ಭಾಗ್ಯ ಇರುವುದು ಪೇಟೆಯವರಿಗಲ್ಲ, ನಮಗೆ. ಅಷ್ಟೂ ಸಾಲದಿದ್ದರೆ ಬದುವಿನ ಪಕ್ಕ ನಾಲ್ಕು ಸಾಲು ಸ್ವೀಟ್ ಕಾರ್ನ್ ಬೀಜ ಊರಿ.

ಕೂದಲು ಬಂದು ಸುಮಾರು 20 ದಿನಕ್ಕೆ, ಅದು ಕಂದು ಬಣ್ಣಕ್ಕೆ ತಿರುಗಿದಾಗ, ಒಂದು ಕಾಳಿಗೆ ಉಗುರು ಒತ್ತಿ ನೋಡಿ. ಹಾಲು ಚಿಮ್ಮಿದರೆ ಅದೇ ಹದ. ನೀರು ಬಂದರೆ ಇನ್ನೂ ಎಳೆಯದು, ಹಿಟ್ಟಿನಂತಿದ್ದರೆ ಬಲಿತಿದೆ.

ಒಂದು ಎಚ್ಚರಿಕೆ. 2018ರಲ್ಲಿ ಸೈನಿಕ ಹುಳು ನಮ್ಮ ರಾಜ್ಯಕ್ಕೆ ಬಂದ ಮೇಲೆ ಗೋವಿನಜೋಳಕ್ಕೆ ಔಷಧಿ ಹೊಡೆಯುವುದು ಹೆಚ್ಚಾಗಿದೆ. ಮನೆಯವರು ತಿನ್ನುವ ಸಾಲುಗಳನ್ನು ಮೊದಲೇ ಗುರುತು ಮಾಡಿ ಔಷಧಿ ತಾಗದಂತೆ ಬಿಡಿ. ಹೊಡೆದಿದ್ದರೆ ಡಬ್ಬಿಯ ಮೇಲೆ ಬರೆದಷ್ಟು ದಿನ ಕಳೆಯುವವರೆಗೆ ಮುಟ್ಟಬೇಡಿ.

ಇನ್ನು ರುಚಿ. ಪೇಟೆಯಲ್ಲಿ "ಸ್ವೀಟ್ ಅಂಡ್ ಸ್ಪೈಸಿ" ಅಂತ ಮಸಾಲೆ ಪೊಟ್ಟಣ ಮಾರುತ್ತಾರೆ. ಬ್ಯಾಡಗಿ ಮೆಣಸಿನಕಾಯಿಯ ಜಿಲ್ಲೆಯವರು ನಾವು. 2011ರಲ್ಲಿ ಜಿಐ ಮಾನ್ಯತೆ ಪಡೆದ ಕಾಯಿ ಅದು. ಪೊಟ್ಟಣ ಯಾಕೆ?

ನಾಲ್ಕು ತೆನೆಗೆ ಎರಡು ಚಮಚ ಪುಡಿಬೆಲ್ಲ, ಎರಡು ಚಮಚ ನೀರು ಹಾಕಿ ಸಣ್ಣ ಉರಿಯಲ್ಲಿ ಅಂಟು ಬರುವವರೆಗೆ ಕುದಿಸಿ. ಇಳಿಸಿ ಒಂದು ಚಮಚ ಬ್ಯಾಡಗಿ ಖಾರದಪುಡಿ, ಉಪ್ಪು, ಅರ್ಧ ನಿಂಬೆಹಣ್ಣಿನ ರಸ, ಸ್ವಲ್ಪ ತುಪ್ಪ ಬೆರೆಸಿ. ಬ್ಯಾಡಗಿಯಲ್ಲಿ ಬಣ್ಣ ಹೆಚ್ಚು, ಖಾರ ಕಡಿಮೆ. ಖಾರ ಬೇಕಾದವರು ಒಂದು ಚಿಟಿಕೆ ಗುಂಟೂರು ಪುಡಿ ಸೇರಿಸಲಿ. ತೆನೆಯನ್ನು ಕೆಂಡದಲ್ಲಿ ತಿರುಗಿಸುತ್ತಾ ಸುಟ್ಟು, ಕೆಂಡದಿಂದ ತೆಗೆದ ಮೇಲೆಯೇ ಇದನ್ನು ಸವರಿ. ಮೊದಲೇ ಸವರಿದರೆ ಬೆಲ್ಲ ಸೀದು ಕಹಿಯಾಗುತ್ತದೆ.

"ತೆನೆ ಸುಟ್ಟು ತಿಂದರೆ ರೇಟು ಬರುತ್ತಾ?" ಅನ್ನುವವರಿದ್ದಾರೆ. ಬರುವುದಿಲ್ಲ. ಮೂರು ಎಕರೆ ಫಸಲನ್ನು ಗಾಡಿಯ ಮೇಲೆ ಸುಟ್ಟು ಮಾರಲೂ ಆಗುವುದಿಲ್ಲ. ಖರೀದಿ ಕೇಂದ್ರಕ್ಕಾಗಿ ಹೋರಾಟ ನಡೆಯಲೇಬೇಕು. ಆದರೆ ನಾವೇ "ಕೋಳಿ ಮೇವು" ಎಂದು ಕರೆಯುವ ಬೆಳೆಗೆ ವ್ಯಾಪಾರಿ ಯಾಕೆ ಮರ್ಯಾದೆ ಕೊಟ್ಟಾನು? ನಮ್ಮ ಮಕ್ಕಳು ಐದು ರೂಪಾಯಿಯ ಕುರುಕಲು ಪೊಟ್ಟಣ ಹರಿಯುತ್ತವೆ. ಅದರಲ್ಲಿ ಎಷ್ಟೋ ಸಲ ಇರುವುದು ಇದೇ ಜೋಳದ ಹಿಟ್ಟು. ಅದು ತಿಂಡಿ, ನಮ್ಮ ಹೊಲದ್ದು ಮೇವು!

ಈ ಮುಂಗಾರಿನಲ್ಲಿ ಬಿತ್ತುವಾಗ ನಾಲ್ಕು ಸಾಲನ್ನು ಮನೆಗೆಂದು ಎತ್ತಿಡಿ. ಉಳಿದದ್ದನ್ನು ಕೋಳಿಗೇ ಮಾರಿ, ಬೇಡ ಅನ್ನುವುದಿಲ್ಲ. ಮೊದಲ ತೆನೆ ಮಾತ್ರ ನಿಮ್ಮ ಮಕ್ಕಳ ಕೈಗೆ ಬರಲಿ.