ಕಿತ್ತ ಹಳಿ ಮತ್ತೆ ಬರುವುದು ತಡವಾಗಿ: ಟ್ರಾಂ ಇತಿಹಾಸದಲ್ಲಿ ಗಡಿನಾಡಿಗೊಂದು ಪಾಠ

ಪಶ್ಚಿಮ ಬಂಗಾಳ ಸರ್ಕಾರವು 2024ರ ಸೆಪ್ಟೆಂಬರ್ ತಿಂಗಳಲ್ಲಿ ಕೋಲ್ಕತ್ತದ ಟ್ರಾಂ ಸಂಚಾರವನ್ನು ನಿಲ್ಲಿಸುವ ನಿರ್ಧಾರವನ್ನು ಪ್ರಕಟಿಸಿತು. ಮೈದಾನ ಮತ್ತು ಎಸ್ಪ್ಲನೇಡ್ ನಡುವಣ ಒಂದು ತುಣುಕನ್ನು ಮಾತ್ರ ಪಾರಂಪರಿಕ ಸವಾರಿಯಾಗಿ ಉಳಿಸಿಕೊಳ್ಳುವುದಾಗಿ ಸಾರಿಗೆ ಸಚಿವರು ತಿಳಿಸಿದರು. 1873ರಲ್ಲಿ ಕುದುರೆ ಎಳೆಯುವ ಗಾಡಿಯಾಗಿ ಆರಂಭಗೊಂಡು, 1902ರಿಂದ ವಿದ್ಯುತ್ತಿನಲ್ಲಿ ಓಡಿದ ಸೇವೆಯಿದು. ರಸ್ತೆ ಕಿರಿದು, ಟ್ರಾಂ ನಿಧಾನ, ಅದರಿಂದ ವಾಹನ ದಟ್ಟಣೆ ಎಂಬುದು ಸರ್ಕಾರದ ವಾದ. ಟ್ರಾಂ ಉಳಿಯಬೇಕೆಂದು ಬಯಸಿದ ನಾಗರಿಕರು ಬೀದಿಗಿಳಿದರು, ನ್ಯಾಯಾಲಯದ ಬಾಗಿಲನ್ನೂ ತಟ್ಟಿದರು.

ಹಾಲಹರವಿಯಲ್ಲಿ ಕುಳಿತ ನಮಗೆ ಈ ಸುದ್ದಿಯಿಂದ ಏನಾಗಬೇಕು ಎಂದು ಪೋಷಕರು ಕೇಳಬಹುದು. ನಮ್ಮೂರಿಗೆ ಟ್ರಾಂ ಬಂದಿಲ್ಲ, ಬರಬೇಕಾದ ಅಗತ್ಯವೂ ಇಲ್ಲ. ಆದರೆ ಸಾರ್ವಜನಿಕ ಸೇವೆಯೊಂದು ಹೇಗೆ ಸೊರಗುತ್ತದೆ, ಸೊರಗಿದ ಮೇಲೆ ಅದನ್ನು ಯಾವ ಕಾರಣ ಹೇಳಿ ಮುಚ್ಚುತ್ತಾರೆ, ಮುಚ್ಚಿದ್ದನ್ನು ಮರಳಿ ತರಲು ಏನು ತೆರಬೇಕಾಗುತ್ತದೆ ಎಂಬುದನ್ನು ಟ್ರಾಂ ಇತಿಹಾಸದಷ್ಟು ಸ್ಪಷ್ಟವಾಗಿ ತೋರಿಸುವ ಉದಾಹರಣೆಗಳು ವಿರಳ.

ಟ್ರಾಂ ಎಂದರೆ ಊರ ಬೀದಿಯಲ್ಲೇ, ರಸ್ತೆಯ ಮಟ್ಟಕ್ಕೆ ಹುದುಗಿಸಿದ ಹಳಿಗಳ ಮೇಲೆ ಓಡುವ ವಾಹನ. ವಿದ್ಯುತ್ ಟ್ರಾಂ ಸಾಮಾನ್ಯವಾಗಿ ಮೇಲಿನ ತಂತಿಯಿಂದ ಶಕ್ತಿ ಪಡೆಯುತ್ತದೆ. ಉಕ್ಕಿನ ಹಳಿಯ ಮೇಲೆ ಉಕ್ಕಿನ ಗಾಲಿ ಉರುಳುವುದರಿಂದ ಘರ್ಷಣೆ ಕಡಿಮೆ, ಆದ್ದರಿಂದ ಕಡಿಮೆ ಶಕ್ತಿಯಲ್ಲಿ ಹೆಚ್ಚು ಜನರನ್ನು ಸಾಗಿಸಬಹುದು. ಬೀದಿಯಲ್ಲಿ ಹೊಗೆಯಿಲ್ಲ. ಕೊರತೆಯೂ ಉಂಟು. ಎದುರಿಗೆ ಕಾರೊಂದು ಅಡ್ಡ ನಿಂತರೆ ಬಸ್ಸಿನಂತೆ ಪಕ್ಕಕ್ಕೆ ಸರಿಯಲಾರದು.

ದಕ್ಷಿಣ ಭಾರತದಲ್ಲಿ ವಿದ್ಯುತ್ ಟ್ರಾಂ ಮೊದಲು ಓಡಿದ್ದು ಮದರಾಸಿನಲ್ಲಿ, 1895ರಲ್ಲಿ. ಆಗ ಆದವಾನಿ, ಆಲೂರು ಸೀಮೆಯು ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆಗೆ ಸೇರಿತ್ತು. ನಮ್ಮ ಹಿರಿಯರಿಗೆ ರಾಜಧಾನಿಯೆಂದರೆ ಮದರಾಸು. ಆ ಟ್ರಾಂ 1953ರ ಏಪ್ರಿಲ್‌ನಲ್ಲಿ ನಿಂತುಹೋಯಿತು. ನಷ್ಟವನ್ನು ತಾಳಲಾರದೆ ಕಂಪನಿ ಕೈಚೆಲ್ಲಿತು. ಅದೇ ವರ್ಷದ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಉದಯಿಸಿದಾಗ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೂ, ಬಳ್ಳಾರಿ ಜಿಲ್ಲೆಯ ಉಳಿದ ಭಾಗ ಮೈಸೂರಿಗೂ ಸೇರಿದವು. ಅದೇ 1953ರಲ್ಲಿ ಕೋಲ್ಕತ್ತದಲ್ಲಿ ಎರಡನೇ ದರ್ಜೆಯ ಟ್ರಾಂ ದರವನ್ನು ಒಂದು ಪೈಸೆ ಏರಿಸಿದ್ದಕ್ಕೆ ಜನರು ದೊಡ್ಡ ಚಳವಳಿ ಹೂಡಿದರು, ಏರಿಕೆ ರದ್ದಾಯಿತು. ದರ ಏರಿದಾಗ ಅಷ್ಟು ಬಲವಾಗಿ ಎದ್ದುನಿಂತ ಊರಿನಲ್ಲೂ ಮುಂದಿನ ದಶಕಗಳಲ್ಲಿ ಟ್ರಾಂ ಮಾರ್ಗಗಳು ಒಂದೊಂದಾಗಿ ಕಣ್ಮರೆಯಾದವು.

ಅವು ಕಣ್ಮರೆಯಾದ ಕ್ರಮವನ್ನು ಗಮನಿಸಬೇಕು. ಮೆಟ್ರೋ ಕಾಮಗಾರಿಗೆಂದು, ಸೇತುವೆ ದುರ್ಬಲವೆಂದು ಮಾರ್ಗಗಳನ್ನು ತಾತ್ಕಾಲಿಕವಾಗಿ ನಿಲ್ಲಿಸಲಾಯಿತು. ಅವುಗಳಲ್ಲಿ ಹಲವು ಮತ್ತೆ ಆರಂಭವಾಗಲೇ ಇಲ್ಲ. ಗಾಡಿಗಳು ಹಳೆಯವಾದವು, ಅವುಗಳ ನಡುವಿನ ಕಾಯುವಿಕೆ ಹೆಚ್ಚಿತು. ಟ್ರಾಂಗೆಂದು ಮೀಸಲಿದ್ದ ಪಥದೊಳಕ್ಕೂ ಕಾರು, ಆಟೋಗಳು ನುಗ್ಗಿದವು. ಕಾದು ಬೇಸತ್ತ ಪ್ರಯಾಣಿಕರು ಬೇರೆ ವಾಹನ ಹಿಡಿದರು. ಕೊನೆಗೆ, ಹತ್ತುವವರೇ ಇಲ್ಲ ಎಂಬ ಮಾತು ಬಂತು. ಸೇವೆ ಸೊರಗಿದ್ದರಿಂದ ಜನ ಕಡಿಮೆಯಾದರು ಎಂಬುದನ್ನು ಮರೆಸಿ, ಜನ ಕಡಿಮೆಯಾದ್ದರಿಂದ ಸೇವೆ ಬೇಡ ಎಂದು ಹೇಳುವ ಈ ತಿರುವೇ ನಾವು ಗುರುತಿಸಬೇಕಾದ ಸಂಗತಿ.

ಮರಳಿ ತಂದವರ ಅನುಭವವೂ ನಮ್ಮ ಮುಂದಿದೆ. ಫ್ರಾನ್ಸಿನ ನಾಂತ್ ನಗರವು 1958ರಲ್ಲಿ ಟ್ರಾಂ ಮುಚ್ಚಿ, 1985ರಲ್ಲಿ ಮತ್ತೆ ಆರಂಭಿಸಿತು. ಸ್ಟ್ರಾಸ್‌ಬರ್ಗ್ 1960ರಲ್ಲಿ ಕಳೆದುಕೊಂಡದ್ದನ್ನು 1994ರಲ್ಲಿ ಪಡೆಯಿತು. 1938ರಲ್ಲಿ ನಿಲ್ಲಿಸಿದ್ದ ಪ್ಯಾರಿಸ್ಸಿಗೆ 1992ರವರೆಗೆ ಕಾಯಬೇಕಾಯಿತು. ಪ್ರತಿಯೊಂದು ಊರೂ ರಸ್ತೆ ಅಗೆದು, ನೆಲದಡಿಯ ನೀರಿನ ಕೊಳವೆ, ಚರಂಡಿ, ತಂತಿಗಳನ್ನು ಸ್ಥಳಾಂತರಿಸಿ ಹೊಸದಾಗಿ ಹಳಿ ಹಾಸಬೇಕಾಯಿತು. ಹಳಿ ಕೀಳದೆ ಉಳಿಸಿಕೊಂಡ ಆಸ್ಟ್ರೇಲಿಯದ ಮೆಲ್ಬರ್ನ್‌ನಲ್ಲಿ ಇಂದು ಸುಮಾರು 250 ಕಿ.ಮೀ. ಟ್ರಾಂ ಜಾಲವಿದೆ, ಅದು ಜಗತ್ತಿನ ಅತಿ ದೊಡ್ಡ ಜಾಲಗಳಲ್ಲಿ ಒಂದು.

ನಮ್ಮ ಎರಡು ರಾಜ್ಯಗಳಲ್ಲಿಯೂ ಈ ಚರ್ಚೆ ನಡೆದಿದೆ. 2020ರ ಸುಮಾರಿಗೆ ಆಂಧ್ರ ಸರ್ಕಾರವು ವಿಶಾಖಪಟ್ಟಣಕ್ಕೆ ಲಘು ಮೆಟ್ರೋ ಜೊತೆಗೆ ಸುಮಾರು 60 ಕಿ.ಮೀ. ಆಧುನಿಕ ಟ್ರಾಂ ಮಾರ್ಗದ ಪ್ರಸ್ತಾವವನ್ನು ಮುಂದಿಟ್ಟಿತ್ತು. ಹುಬ್ಬಳ್ಳಿ-ಧಾರವಾಡದ ನಡುವೆ ಸುಮಾರು 22 ಕಿ.ಮೀ. ಉದ್ದದ ಬಿಆರ್‌ಟಿಎಸ್ ಪಥವಿದ್ದು, 2020ರ ಫೆಬ್ರುವರಿಯಲ್ಲಿ ಅದರ ವಿಧ್ಯುಕ್ತ ಉದ್ಘಾಟನೆ ನಡೆಯಿತು. ಈಗ ಅಲ್ಲಿ ಹಳಿಯಿಲ್ಲದ ಟ್ರಾಂ ಎನ್ನಬಹುದಾದ ವಿದ್ಯುತ್ ವಾಹನಗಳನ್ನು ಓಡಿಸುವ ಮಾತು ಕೇಳಿಬರುತ್ತಿದೆ. ‘ಚಿಗರಿ’ ಬಸ್ಸುಗಳಿಗೆ ಮೀಸಲಾದ ಪಥದಿಂದ ಉಳಿದ ವಾಹನಗಳಿಗೆ ಜಾಗ ಸಾಲದು ಎಂಬ ದೂರೂ ಅಲ್ಲಿದೆ. ವಾಹನ ಯಾವುದೇ ಬರಲಿ, ರಸ್ತೆಯ ಮೇಲೆ ಮೊದಲ ಹಕ್ಕು ಸ್ವಂತ ಕಾರಿನಲ್ಲಿ ಒಬ್ಬರೇ ಕುಳಿತವರದೋ, ಒಂದೇ ಬಸ್ಸಿನಲ್ಲಿ ನಿಂತು ಸಾಗುವ ಹತ್ತಾರು ಜನರದೋ ಎಂಬುದನ್ನು ಇತ್ಯರ್ಥಪಡಿಸದೆ ಯಾವ ಯೋಜನೆಯೂ ನಿಲ್ಲದು. ಟ್ರಾಂ ಹಾಸಲು ತಗಲುವ ವೆಚ್ಚ ಬಸ್ಸಿಗಿಂತ ಬಹಳ ಹೆಚ್ಚು, ಜನಸಾಂದ್ರತೆ ಇರುವ ನಗರಗಳಿಗೆ ಮಾತ್ರ ಅದು ಹೊಂದುತ್ತದೆ ಎಂಬುದನ್ನೂ ಮುಚ್ಚಿಡಬೇಕಾಗಿಲ್ಲ.

ನಮ್ಮ ಗಡಿ ಹಳ್ಳಿಗಳಿಗೆ ಟ್ರಾಂ ಸ್ಥಾನದಲ್ಲಿರುವುದು ಎರಡು: ಬಳ್ಳಾರಿಯ ಕಡೆಗೆ ಹೋಗುವ ಬಸ್ಸು ಮತ್ತು ಊರಿನ ಕನ್ನಡ ಶಾಲೆ. ಊರಿನ ಶಾಲೆ ಮುಗಿಸಿದ ಹುಡುಗಿ ಮುಂದೆ ಕನ್ನಡದಲ್ಲೇ ಓದಬೇಕಾದರೆ ಬೆಳಗಿನ ಬಸ್ಸು ಬೇಕು. ಆ ಬಸ್ಸಿನ ವೇಳೆ ತರಗತಿಯ ವೇಳೆಗೆ ಹೊಂದದಿದ್ದರೆ ಅದನ್ನು ಯಾರೂ ಹತ್ತುವುದಿಲ್ಲ. ಆಗ ಆದಾಯವಿಲ್ಲವೆಂಬ ಕಾರಣ ಹುಟ್ಟುತ್ತದೆ. ಶಾಲೆಯಲ್ಲಿ ಕನ್ನಡ ಶಿಕ್ಷಕರ ಹುದ್ದೆ ಖಾಲಿ ಉಳಿದರೆ, ಪಠ್ಯಪುಸ್ತಕ ತಡವಾದರೆ, ಪೋಷಕರು ಮಕ್ಕಳನ್ನು ಬೇರೆ ಮಾಧ್ಯಮಕ್ಕೆ ಸೇರಿಸುತ್ತಾರೆ. ಆಗ ದಾಖಲಾತಿ ಸಾಲದೆಂಬ ಕಾರಣ ಸಿದ್ಧವಾಗುತ್ತದೆ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಗೆ ಸಾಕಷ್ಟು ಸೌಲಭ್ಯ ಒದಗಿಸಲು ಯತ್ನಿಸಬೇಕೆಂದು 1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ವಿಧಿ ಹೇಳುತ್ತದೆ. ಅದು ಕಾಗದದಲ್ಲಿ ಉಳಿದಿದ್ದರೂ ಶಾಲೆ ಮುಚ್ಚಿದ ಊರಿನಲ್ಲಿ ಅದನ್ನು ಮತ್ತೆ ತೆರೆಸುವುದು, ಡಾಂಬರಿನಡಿ ಹೂತ ಹಳಿಯನ್ನು ಎಬ್ಬಿಸುವಷ್ಟೇ ಕಷ್ಟದ ಕೆಲಸ.

ಆದ್ದರಿಂದ ಪೋಷಕರಲ್ಲಿ ನಮ್ಮ ವಿನಂತಿ ಇಷ್ಟೇ. ಶಾಲೆಯ ಪೋಷಕರ ಸಮಿತಿಯಲ್ಲಿ ಒಂದು ಪುಸ್ತಕವಿಡೋಣ. ಯಾವ ವರ್ಷ ಎಷ್ಟು ಮಕ್ಕಳಿದ್ದರು, ಯಾವ ಹುದ್ದೆ ಯಾವ ದಿನ ಖಾಲಿಯಾಯಿತು, ಪಠ್ಯಪುಸ್ತಕ ಎಂದು ಬಂತು, ಬೆಳಗಿನ ಬಸ್ಸು ಎಂದಿನಿಂದ ನಿಂತಿತು ಎಂಬುದನ್ನು ಅದರಲ್ಲಿ ತಾರೀಖಿನೊಂದಿಗೆ ಬರೆಯೋಣ. ಮೊದಲ ಕಡಿತವಾದ ವಾರವೇ ಮನವಿ ಸಲ್ಲಿಸಿ ಸ್ವೀಕೃತಿ ಪಡೆಯೋಣ. ಮಕ್ಕಳ ಸಂಖ್ಯೆ ಕಡಿಮೆ ಎಂಬ ಮಾತು ಮುಂದೊಂದು ದಿನ ಬಂದರೆ, ಶಿಕ್ಷಕರು ಕಡಿಮೆಯಾದದ್ದು ಮೊದಲೋ ಮಕ್ಕಳು ಕಡಿಮೆಯಾದದ್ದು ಮೊದಲೋ ಎಂಬುದಕ್ಕೆ ಆ ಪುಸ್ತಕವೇ ಉತ್ತರ ಕೊಡುತ್ತದೆ.