ಶಾಲು ಹೊದಿಸಿದರೆ ಮುಗಿಯಿತೇ?

ನಮ್ಮ ಮುಂಬಯಿಯ ಕನ್ನಡ ಸಂಘಗಳು ಕೊಡುವ ಸನ್ಮಾನ ಪತ್ರಗಳನ್ನು ಯಾರಾದರೂ ಒಟ್ಟುಗೂಡಿಸಿ ಓದಬೇಕು. ಕವಿಯಾದರೆ ಅವರ ಸಂಕಲನಗಳ ಹೆಸರುಗಳಿರುತ್ತವೆ. ನಟರಾದರೆ ಯಾವ ನಾಟಕದಲ್ಲಿ ಯಾವ ಪಾತ್ರವೆಂದು ಹೇಳಿರುತ್ತದೆ. ಹೋಟೆಲು ಉದ್ಯಮಿಯಾದರೆ ಊರಿನಿಂದ ಬರಿಗೈಯಲ್ಲಿ ಬಂದು ಕಪ್ಪು ಬಸಿ ತೊಳೆದ ದಿನದಿಂದಲೇ ಕಥೆ ಶುರು. ರಸಾಯನ ವಿಜ್ಞಾನಿಯಾದರೋ? “ವರ್ಣದ್ರವ್ಯಗಳ ಕುರಿತು ಗಹನವಾದ ಸಂಶೋಧನೆ ನಡೆಸಿ, ಇಷ್ಟು ಪ್ರಬಂಧಗಳನ್ನು ಪ್ರಕಟಿಸಿ, ಇಷ್ಟು ಮಂದಿಗೆ ಡಾಕ್ಟರೇಟ್ ಮಾರ್ಗದರ್ಶನ ಮಾಡಿ...” ಅಲ್ಲಿಗೆ ಸಮಾಪ್ತಿ. ಶಾಲು, ಹಾರ, ಫಲತಾಂಬೂಲ, ಚಪ್ಪಾಳೆ. ಅದೇನು ಸಂಶೋಧನೆ, ಅದನ್ನೇಕೆ ಮಾಡಿದಿರಿ ಎಂದು ಕೇಳಿದವರಿಲ್ಲ. ಮೂವತ್ತು ವರ್ಷಗಳ ದುಡಿಮೆಯನ್ನು ಎರಡು ಅಂಕಿಗಳಲ್ಲಿ ಮುಗಿಸುವುದು ಸನ್ಮಾನವಲ್ಲ, ಉಪೇಕ್ಷೆ. ಹಾರ ಹಾಕಿ ಮಾಡಿದ ಉಪೇಕ್ಷೆ.

“ಅದೆಲ್ಲ ನಮ್ಮ ಸದಸ್ಯರಿಗೆ ಅರ್ಥವಾಗುವ ವಿಷಯವೇ ಮಾರಾಯರೆ?” ಎನ್ನುತ್ತಾರೆ ಕಾರ್ಯದರ್ಶಿಗಳು. ಯಾಕಾಗಬಾರದು? ನಮ್ಮ ತಾಯಂದಿರು ಚಾಳಿನ ನಲ್ಲಿಯಡಿ ಬಟ್ಟೆ ಒಗೆದು, ಕೊನೆಯ ನೀರಿಗೆ ಚಿಟಿಕೆ ಟಿನೋಪಾಲ್ ಹಾಕುತ್ತಿದ್ದರಲ್ಲವೇ? ಅದೇ ಪ್ರತಿದೀಪ್ತ ವರ್ಣದ್ರವ್ಯ. (ಈ ‘ಪ್ರತಿದೀಪ್ತ’ ಶಬ್ದದಿಂದ ಯಾರಿಗೂ ಬೆಳಕು ಕಾಣುವುದಿಲ್ಲವೆಂಬುದು ನನಗೂ ಗೊತ್ತು, ಸದ್ಯಕ್ಕೆ ಟಿನೋಪಾಲಿನ ಹೊಳಪು ಎಂದುಕೊಳ್ಳೋಣ.) ನೀಲಿ ಹಾಕಿದಾಗ ಬಟ್ಟೆಯ ಹಳದಿ ಮರೆಯಾಗುತ್ತದೆ, ಆದರೆ ಬಟ್ಟೆ ತುಸು ಮಂಕೂ ಆಗುತ್ತದೆ. ಟಿನೋಪಾಲಿನ ರೀತಿ ಬೇರೆ. ಬಿಸಿಲಿನಲ್ಲಿರುವ, ನಮ್ಮ ಕಣ್ಣಿಗೆ ಕಾಣದ ಅತಿನೇರಳೆ ಕಿರಣವನ್ನು ಅದು ನುಂಗಿ, ಕಾಣುವ ನೀಲಿ ಬೆಳಕಾಗಿ ಉಗುಳುತ್ತದೆ. ಹಳದಿ ಮುಚ್ಚುವುದಲ್ಲದೆ ಬಟ್ಟೆಯಿಂದ ಬರುವ ಬೆಳಕೇ ಹೆಚ್ಚಾಗುತ್ತದೆ. ಆಫೀಸಿಗೆ ಹೊರಟ ಗುಮಾಸ್ತನ ಅಂಗಿ ಹೊಸದಕ್ಕಿಂತ ಹೊಸದಾಗಿ ಕಾಣುತ್ತಿದ್ದ ಗುಟ್ಟು ಇದು.

ಇಲ್ಲಿಯೇ ವಿಜ್ಞಾನಿಯ ತಲೆನೋವು ಪ್ರಾರಂಭ. ಬೆಳಕನ್ನು ನುಂಗಿದ ಅಣುವಿಗೆ ಹಲವು ದಾರಿಗಳಿವೆ. ಹೊಳೆಯಬಹುದು. ಮೈ ಹೊರಳಿಸಿ, ತಿರುಚಿಕೊಂಡು, ಪಡೆದುದನ್ನು ಬರೀ ಶಾಖವಾಗಿ ಕಳೆಯಬಹುದು. ಅಥವಾ ತಾನೇ ಬೇರೊಂದು ವಸ್ತುವಾಗಿ ಮಾರ್ಪಡಬಹುದು. ಈ ಬಿಳುಪುಕಾರಕಗಳಲ್ಲಿ ಹೆಚ್ಚಿನವು ಸ್ಟಿಲ್ಬೀನ್ ಎಂಬ ಕುಟುಂಬಕ್ಕೆ ಸೇರಿದವು. ಅವುಗಳ ದ್ರಾವಣವನ್ನು ಬಿಸಿಲಿನಲ್ಲಿಟ್ಟರೆ ಅಣುಗಳು ಮಡಚಿಕೊಂಡು ಹೊಳಪು ಕಳೆದುಕೊಳ್ಳುತ್ತವೆ. ಯಾವ ಬೆಳಕಿನಿಂದ ಹೊಳೆಯಬೇಕೋ ಅದೇ ಬೆಳಕು ಅದನ್ನು ಕೊಲ್ಲುತ್ತದೆ! ಅಣುವಿನ ಯಾವ ಕಡೆಗೆ ಯಾವ ಗುಂಪು ಜೋಡಿಸಿದರೆ, ಯಾವ ಉಂಗುರದಲ್ಲಿ ಬಿಗಿದರೆ ಅದು ತಿರುಚಿಕೊಳ್ಳದೆ, ಕೆಡದೆ ಹೊಳೆದೀತು? ಒಬ್ಬ ವಿಜ್ಞಾನಿಯ ಆಯುಷ್ಯವೆಲ್ಲ ಈ ಒಂದು ಪ್ರಶ್ನೆಯಲ್ಲಿ ಕಳೆದುಹೋಗಬಹುದು. ದ್ಯುತಿರಸಾಯನವೆಂದರೆ ಇದು. ಅಂಗಿಗೆ ಬಿದ್ದ ಸಾಂಬಾರಿನ ಅರಿಶಿನದ ಕಲೆಗೆ ಸಾಬೂನು ಹಚ್ಚಿದರೆ ಕೆಂಪಾಗುತ್ತದೆ, ಬಿಸಿಲಿಗೆ ಹಾಕಿದರೆ ಮಾಯವಾಗುತ್ತದೆಂದು ಬಲ್ಲ ಗೃಹಿಣಿಗೆ ಇದು ಅರ್ಥವಾಗದೆಂದು ಹೇಳುವ ಅಧಿಕಾರ ಯಾವ ಕಾರ್ಯದರ್ಶಿಗೂ ಇಲ್ಲ.

ಇದೇನು ಜರ್ಮನಿಯ ಮಾತಲ್ಲ. ಕಿಂಗ್ಸ್ ಸರ್ಕಲಿನಲ್ಲಿ ಇಡ್ಲಿ ತಿಂದು ಕಾಲ್ನಡಿಗೆಯಲ್ಲಿ ಹೋಗಿ ತಲುಪಬಹುದಾದಲ್ಲಿ ಇದರ ತವರಿದೆ. 1933ರಲ್ಲಿ ಮುಂಬಯಿ ವಿಶ್ವವಿದ್ಯಾಲಯ ಆರಂಭಿಸಿದ ರಾಸಾಯನಿಕ ತಂತ್ರಜ್ಞಾನ ವಿಭಾಗ, ಹಳಬರ ಬಾಯಲ್ಲಿ ಯು.ಡಿ.ಸಿ.ಟಿ., ಈಗಿನ ಐ.ಸಿ.ಟಿ. 1938ರಲ್ಲಿ ಅದರ ಮೊದಲ ಭಾರತೀಯ ನಿರ್ದೇಶಕರಾದವರು ಮದ್ರಾಸಿನ ಕೆ. ವೆಂಕಟರಾಮನ್. ಕೃತಕ ವರ್ಣದ್ರವ್ಯಗಳ ಕುರಿತ ಅವರ ಬೃಹದ್ಗ್ರಂಥದ ಮೊದಲ ಎರಡು ಸಂಪುಟಗಳು 1952ರಲ್ಲಿ ಬಂದುವು. ಮುಂದೆ ಅದು ಎಂಟು ಸಂಪುಟಗಳಾಗಿ ಬೆಳೆಯಿತು. ಅವರು ಕನ್ನಡಿಗರಲ್ಲ, ನಿಜ. ಆದರೆ 1921-22ರಲ್ಲಿ ಮುಂಬಯಿ ಸರಕಾರದ ತಾಂತ್ರಿಕ ಮತ್ತು ಔದ್ಯೋಗಿಕ ಶಿಕ್ಷಣ ಸಮಿತಿಯ ಅಧ್ಯಕ್ಷರಾಗಿದ್ದವರು ನಮ್ಮ ವಿಶ್ವೇಶ್ವರಯ್ಯನವರೇ. ಅವರ ಜಯಂತಿಯಲ್ಲಿ ಕನ್ನಂಬಾಡಿಯನ್ನು ನೆನೆಯುವ ನಾವು ಇದನ್ನು ನೆನೆದದ್ದುಂಟೇ?

ಇನ್ನು ಯಶವಂತ ಚಿತ್ತಾಲರು. ಹನೇಹಳ್ಳಿಯಿಂದ ಬಂದು, ಇದೇ ಯು.ಡಿ.ಸಿ.ಟಿ.ಯಲ್ಲಿ ಕಲಿತು, ಪ್ಲಾಸ್ಟಿಕ್ ಮತ್ತು ಪಾಲಿಮರ್‌ಗಳ ಉದ್ಯಮದಲ್ಲಿ ಸಂಶೋಧನೆಯ ಹೊಣೆ ಹೊತ್ತವರು. 1979ರ ‘ಶಿಕಾರಿ’ಯ ನಾಗಪ್ಪ ರಾಸಾಯನಿಕ ಕಂಪನಿಯ ಅಧಿಕಾರಿಯಾದದ್ದು ಆಕಸ್ಮಿಕವಲ್ಲ. ಚಿತ್ತಾಲರ ಕಥೆಗಳ ಬಗ್ಗೆ ನಾವು ಎಷ್ಟು ಸಭೆ ನಡೆಸಿದ್ದೇವೆ! ಅವರ ಹಗಲಿನ ಕೆಲಸದ ಬಗ್ಗೆ ಒಂದಾದರೂ ಉಪನ್ಯಾಸ ಕೇಳಿದ ನೆನಪು ನನಗಿಲ್ಲ.

“ಇದರಿಂದ ಉಪಯೋಗವೇನು?” ಎಂಬುದು ಇನ್ನೊಂದು ಆಕ್ಷೇಪ. 1871ರಲ್ಲಿ ಬೇಯರ್ ಎಂಬ ಜರ್ಮನ್ ವಿಜ್ಞಾನಿ ಫ್ಲೋರೆಸೀನ್ ಎಂಬ ಹೊಳೆಯುವ ಬಣ್ಣವನ್ನು ತಯಾರಿಸಿದಾಗಲೂ ಯಾರಾದರೂ ಹೀಗೆಯೇ ಕೇಳಿದ್ದಾರು. ತೊಂಬತ್ತು ವರ್ಷ ಕಳೆದು, 1961ರಲ್ಲಿ, ಅದೇ ಬಣ್ಣವನ್ನು ಕೈಯ ರಕ್ತನಾಳಕ್ಕೆ ಚುಚ್ಚಿ ಕಣ್ಣಿನ ಒಳಪರದೆಯ ಚಿತ್ರ ತೆಗೆಯುವ ವಿಧಾನ ಬಂತು. ಸಕ್ಕರೆ ಕಾಯಿಲೆಯಿಂದ ಕಣ್ಣು ಮಂಜಾದ ನಮ್ಮ ಹಿರಿಯರಲ್ಲಿ ಎಷ್ಟೋ ಮಂದಿ ಈ ಪರೀಕ್ಷೆಗೆ ಕೂತಿದ್ದಾರೆ.

ಹಾಗೆಂದು ವಿಜ್ಞಾನಿಗಳಿಗೆ ಬರೀ ಭಜನೆ ಹಾಡಬೇಕೆಂದು ನಾನು ಹೇಳುತ್ತಿಲ್ಲ. ಬೆಂಜಿಡೀನಿನಂಥ ವಸ್ತುಗಳು ಬಣ್ಣದ ಕಾರ್ಖಾನೆಗಳ ಕಾರ್ಮಿಕರಿಗೆ ಮೂತ್ರಕೋಶದ ಕ್ಯಾನ್ಸರ್ ತಂದವು. ಅಂಥ ವಿಷವನ್ನು ಬಿಡುಗಡೆ ಮಾಡಬಲ್ಲ ಬಣ್ಣಗಳನ್ನು ಮೈಗೆ ತಾಗುವ ಬಟ್ಟೆಗಳಲ್ಲಿ ಬಳಸಕೂಡದೆಂದು 1994ರಲ್ಲಿ ಜರ್ಮನಿ ಕಾನೂನು ತಂದಿತು. ಥಾಣೆ, ಡೊಂಬಿವಲಿ, ಅಂಬರನಾಥ ಕಡೆಯ ರಾಸಾಯನಿಕ ಕಾರ್ಖಾನೆಗಳಲ್ಲಿ ಹಗಲು ದುಡಿದು, ರಾತ್ರಿಶಾಲೆಯಲ್ಲಿ ಓದಿದ ನಮ್ಮವರ ಮಕ್ಕಳಿಗೆ ಈ ಬಗ್ಗೆ ಪ್ರಶ್ನೆ ಕೇಳುವ ಹಕ್ಕಿಲ್ಲವೇ? ಉತ್ತರ ಕೊಡಬಲ್ಲವರು ವೇದಿಕೆಯ ಮೇಲೆ ಶಾಲು ಹೊದ್ದು ಮೂಕರಾಗಿ ಕೂತಿರುತ್ತಾರೆ! ತಪ್ಪು ಅವರದೂ ಇದೆ. ಇಂಗ್ಲಿಷಿನಲ್ಲಿ ಟೈಪು ಮಾಡಿದ ನಾಲ್ಕು ಪುಟ ಕಳುಹಿಸಿ ಕೈತೊಳೆದುಕೊಳ್ಳುತ್ತಾರೆ. ಕನ್ನಡದಲ್ಲಿ ಹೇಳಲಾಗದೆಂಬುದು ಸಬೂಬು. ಬೆಳ್ಳಾವೆ ವೆಂಕಟನಾರಣಪ್ಪನವರು ‘ವಿಜ್ಞಾನ’ ಎಂಬ ಕನ್ನಡ ಮಾಸಪತ್ರಿಕೆ ಹೊರಡಿಸಿದ್ದು 1918ರಲ್ಲಿ.

ನಷ್ಟ ಯಾರಿಗೆ? ಸಭೆಯಲ್ಲಿ ಕೂತ ಹತ್ತನೆಯ ತರಗತಿಯ ಹುಡುಗಿಗೆ. ರಸಾಯನಶಾಸ್ತ್ರ ಅವಳಿಗೆ ಇಷ್ಟ. ಮನೆಯಲ್ಲಿ ಕಂಪ್ಯೂಟರ್ ಹೊರತು ಬೇರೆ ಮಾತಿಲ್ಲ. ತನ್ನ ಭಾಷೆಯ ಒಬ್ಬರು ಒಂದು ಅಣುವಿನ ಬೆನ್ನುಹತ್ತಿ ಬಾಳು ಸವೆಸಿದ ಕಥೆಯನ್ನು ಆಕೆ ಎಲ್ಲಿ ಕೇಳಬೇಕು?

ಆದ್ದರಿಂದ ಪದಾಧಿಕಾರಿಗಳಲ್ಲಿ ನನ್ನದೊಂದು ಬೇಡಿಕೆ. ಮುಂದಿನ ಸಲ ವಿಜ್ಞಾನಿಯೊಬ್ಬರನ್ನು ಕರೆದಾಗ ಪರಿಚಯ ಭಾಷಣ ಬೇಡ, ಮಾನಪತ್ರದ ವಾಚನವೂ ಬೇಡ. ಅರ್ಧ ಗಂಟೆ ಮೈಕು ಅವರಿಗೆ ಕೊಡಿ. ನಕಲಿ ನೋಟು ಪತ್ತೆಹಚ್ಚಲು ಬ್ಯಾಂಕುಗಳಲ್ಲಿ ಇಟ್ಟಿರುತ್ತಾರಲ್ಲ, ಅಂಥದೊಂದು ಅತಿನೇರಳೆ ದೀಪ, ಒಂದು ಬಿಳಿ ಪಂಚೆ, ಕ್ವಿನೈನ್ ಇರುವ ಒಂದು ಬಾಟ್ಲಿ ಟಾನಿಕ್ ವಾಟರ್ ಮೇಜಿನ ಮೇಲಿರಲಿ. ಸಭಾಗೃಹದ ದೀಪ ಆರಿಸಿ. ಪಂಚೆಯೂ ನೀರೂ ನೀಲಿಯಾಗಿ ಹೊಳೆಯುವುದನ್ನು ಮಕ್ಕಳು ಮುಂದೆ ಬಂದು ನೋಡಲಿ, ಕೇಳುವುದನ್ನು ಕೇಳಲಿ. ಉಪಾಹಾರ ಅರ್ಧ ಗಂಟೆ ತಡವಾಗುತ್ತದೆ, ಅಷ್ಟೇ.